ಜಪ್ತಿಯಾಗದ ಪುಸ್ತಕ

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೊರಟ ರೈಲುಗಾಡಿ ಬೀರೂರನ್ನು ದಾಟಿದ ಬಳಿಕ, ಕಿಟಕಿಯ ಪಕ್ಕದಲ್ಲಿ ಕುಳಿತವರು ಹಲಗೆಯ ಮೇಲಿನ ಹೆಸರನ್ನು ಓದಿ ಮುಗಿಸುವಷ್ಟರಲ್ಲಿ ಹಿಂದೆ ಸರಿದುಹೋಗುವ ಸಣ್ಣ ನಿಲ್ದಾಣಗಳಲ್ಲಿ ಶಿವನಿಯೂ ಒಂದು. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿಯ ತೋಟಗಳನ್ನೂ ಮಂಜು ಮುಸುಕಿದ ಬೆಟ್ಟಗಳನ್ನೂ ನೆನೆಯುವ ಓದುಗರಿಗೆ ನಮ್ಮ ಊರು ತುಸು ನಿರಾಸೆಯನ್ನೇ ತಂದೀತು. ನಮ್ಮದು ಬಯಲುಸೀಮೆಯ ಕಡೆಗೆ ವಾಲಿದ ನೆಲ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ಅಜ್ಜಂಪುರ ತಾಲ್ಲೂಕಿನಲ್ಲಿದೆ. ರಾಗಿಯುಂಟು, ತೆಂಗುಂಟು, ಈಚೆಗೆ ಅಡಿಕೆಯೂ ಉಂಟು. ಆದರೆ ಊರಿನ ಮುಖದಲ್ಲಿ ನಗು ಮೂಡಿಸುವುದೂ ಅದನ್ನು ಅಳಿಸುವುದೂ ಈರುಳ್ಳಿಯೇ. ಮಳೆಗಾಲದ ಈರುಳ್ಳಿಗೆ ಕೂಡಿಟ್ಟರೆ ಉಳಿಯುವ ಗುಣವಿಲ್ಲ. ಇಂದು ಕಿತ್ತದ್ದನ್ನು ನಾಲ್ಕು ದಿನಗಳಲ್ಲಿ ಲಾರಿಗೇರಿಸಬೇಕು. ಮಾರುಕಟ್ಟೆ ಹೇಳಿದ ಬೆಲೆಗೆ ತಲೆಬಾಗಬೇಕು.

ನಮ್ಮ ತಂದೆಯವರು ಮೂವತ್ತು ವರ್ಷ ಈ ಈರುಳ್ಳಿಯ ವ್ಯಾಪಾರವನ್ನೇ ಮಾಡಿದರು. ಸುತ್ತಲಿನ ರೈತರಿಂದ ಕೊಂಡು ಬೆಂಗಳೂರಿನ ಯಶವಂತಪುರದ ಮಂಡಿಗೆ ಕಳುಹಿಸುವುದು, ಅಲ್ಲಿಂದ ಹಣ ಬಂದ ಮೇಲೆ ರೈತರಿಗೆ ಬಟವಾಡೆ ಮಾಡುವುದು. ನಾನು ಎಂ. ಎ. ಓದಿದುದು ಈ ವ್ಯಾಪಾರದ ಹಣದಿಂದಲೇ.

2017ರ ಮೇ ತಿಂಗಳಿನ ಒಂದು ಮಧ್ಯಾಹ್ನ ನ್ಯಾಯಾಲಯದ ಅಮೀನರು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಪಟ್ಟಿಯನ್ನು ಬರೆಯುತ್ತಿದ್ದರು. ತೂಕದ ಯಂತ್ರ ಒಂದು, ಕಬ್ಬಿಣದ ಬೀರು ಒಂದು, ಟೆಲಿವಿಷನ್ ಒಂದು, ಮರದ ಕುರ್ಚಿ ನಾಲ್ಕು. ಬೇಸಗೆಯ ರಜೆಗೆಂದು ಬಂದಿದ್ದ ನಾನು ಬಾಗಿಲ ಬಳಿ ನಿಂತಿದ್ದೆ. ತಂದೆಯವರು ಕಂಬಕ್ಕೊರಗಿ, ಯಾರದೋ ಮನೆಯ ಸಾಮಾನನ್ನು ಎಣಿಸುತ್ತಿರುವರೆಂಬಂತೆ ನೋಡುತ್ತಿದ್ದರು. ಬಂದವರು ಒರಟರಲ್ಲ. ತಾಯಿ ಸೆರಗಿನೊಳಗೆ ಕೊರಳನ್ನು ಮರೆಮಾಡಿದುದನ್ನು ಕಂಡು, “ತಾಯೀ, ತಾಳಿಯನ್ನು ಮುಟ್ಟುವ ಹಾಗಿಲ್ಲ. ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಇವೂ ಬೇಡ” ಎಂದರು. ಆಮೇಲೆ ಗೂಡಿನಲ್ಲಿದ್ದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳನ್ನು ತೆಗೆದು, ಎರಡು ಹಾಳೆ ಮಗುಚಿ, ಇದ್ದಲ್ಲಿಯೇ ಇಟ್ಟರು. “ಲೆಕ್ಕದ ಪುಸ್ತಕ. ಇದೂ ಜಪ್ತಿಗೆ ಬರೋದಿಲ್ಲ ಯಜಮಾನರೇ, ಇಟ್ಟುಕೊಳ್ಳಿ.”

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದಲ್ಲಿ ಈ ಮಾತು ಇದೆಯೆಂಬುದು ನನಗೆ ತಿಳಿದುದು ಆಮೇಲೆ. ಸಾಲಗಾರನಿಂದ ಕಸಿದುಕೊಳ್ಳಬಾರದ ವಸ್ತುಗಳ ಪಟ್ಟಿಯಲ್ಲಿ ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಂಗಸರು ತೆಗೆಯಬಾರದ ಒಡವೆ, ಬೇಸಾಯಗಾರನ ನೇಗಿಲು-ಎತ್ತು-ಬಿತ್ತನೆಯ ಕಾಳು ಇವುಗಳೊಡನೆ ಲೆಕ್ಕದ ಪುಸ್ತಕಗಳೂ ಸೇರಿವೆ. ಕಾಯಿದೆಯನ್ನು ರಚಿಸಿದವರ ಮನಸ್ಸಿನಲ್ಲಿ ಏನಿತ್ತೋ ನಾನರಿಯೆ. ಮನೆಯ ಬೆಲೆಬಾಳುವ ಸಾಮಾನೆಲ್ಲ ಹೋದ ಮೇಲೆ ನಮ್ಮ ಪಾಲಿಗೆ ಓದಲು ಉಳಿದುದಂತೂ ಅದೊಂದೇ.

ಎರಡು ಮಾತುಗಳ ಜಾತಕ

ಅಂದು ಸಂಜೆಗೆಲ್ಲ ಊರಿನಲ್ಲಿ ಸುದ್ದಿ ಹಬ್ಬಿತು. ಕೆಲವರು ‘ದಿವಾಳಿ’ ಎಂದರು, ಕೆಲವರು ‘ಪಾಪರ್’ ಎಂದರು. ಭಾಷೆಯ ಮೇಷ್ಟರಿಗೆ ಎಂಥ ದುಃಖದಲ್ಲಿಯೂ ಪದಗಳ ಬೆನ್ನು ಹತ್ತುವ ಚಟ ಬಿಡದು. ಪಾಪರ್ ಎಂಬುದಕ್ಕೂ ಪಾಪಕ್ಕೂ ಏನೇನೂ ನಂಟಿಲ್ಲ. ಅದು ಗತಿಯಿಲ್ಲದವನೆಂಬ ಅರ್ಥದ ಇಂಗ್ಲಿಷ್ ಮಾತು ಕಚೇರಿಯ ಕಟ್ಟೆಯಿಂದ ಇಳಿದು ಬಂದದ್ದು. ಆದರೆ ನಮ್ಮ ಜನರ ಕಿವಿಗೆ ಅದರಲ್ಲಿ ಪಾಪವೇ ಕೇಳುತ್ತದೆ. ಇನ್ನು ದಿವಾಳಿ. ಸಾಲ ತೀರಿಸಲಾಗದ ವರ್ತಕನು ಹಗಲು ಹೊತ್ತಿನಲ್ಲಿಯೇ ಅಂಗಡಿಯ ಮುಂದೆ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಊರಿಗೆ ಸಾರುತ್ತಿದ್ದನೆಂದೂ ಆ ದೀಪದಿಂದಲೇ ಈ ಮಾತು ಹುಟ್ಟಿತೆಂದೂ ಹೇಳುವುದುಂಟು. ನಿಜವೋ ಕಥೆಯೋ, ನನಗೆ ಆ ಚಿತ್ರ ಹಿಡಿಸಿತು. ನಮ್ಮ ಮನೆಯಲ್ಲಿ ಅಂಥ ದೀಪವನ್ನು ಯಾರೂ ಹಚ್ಚಲಿಲ್ಲ. ನಾಲ್ಕು ವರ್ಷ ಎಲ್ಲವನ್ನೂ ಕತ್ತಲೆಯಲ್ಲಿಯೇ ಇಟ್ಟೆವು.

ನಾಚಿಕೆ ಬಿಟ್ಟು ಹೇಳಬೇಕಾದ ಇನ್ನೊಂದು ಸಂಗತಿಯುಂಟು. ನಾನು ಹಳಗನ್ನಡದ ಶಾಸನವನ್ನು ತಡವರಿಸದೆ ಓದಬಲ್ಲೆ. ದತ್ತಿ ಕೊಟ್ಟ ಭೂಮಿಯ ಎಲ್ಲೆ ಯಾವ ಕಲ್ಲಿನಿಂದ ಯಾವ ಮರದವರೆಗೆ ಎಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬಲ್ಲೆ. ಆದರೆ ನನ್ನ ತಂದೆಯವರು ಸಹಿ ಹಾಕಿದ ಸಾಲಪತ್ರವನ್ನು ಅಮೀನರು ಬರುವವರೆಗೂ ನಾನು ಓದಿರಲಿಲ್ಲ. ಓದಿಕೊಡು ಎಂದು ಅವರು ಕೇಳಲಿಲ್ಲ. ಕೊಡಿ ಎಂದು ನಾನೂ ಕೇಳಲಿಲ್ಲ. ಹಣದ ಮಾತು ದೊಡ್ಡವರದು, ಓದಿನ ಮಾತು ಹುಡುಗನದು ಎಂದು ಮನೆಯಲ್ಲಿ ಯಾವತ್ತೋ ಗೆರೆ ಎಳೆದಾಗಿತ್ತು.

ಕಿರ್ದಿಯಲ್ಲಿ ಇಲ್ಲದ ಸಾಲ

ಆ ರಜೆಯ ಒಂದು ತಿಂಗಳನ್ನೂ ತಂದೆಯವರ ಕಿರ್ದಿ ಪುಸ್ತಕಗಳನ್ನು ಓದುವುದರಲ್ಲಿ ಕಳೆದೆ. ಕಾದಂಬರಿಯನ್ನು ಓದುವವರಂತೆ ಮೊದಲಿನಿಂದ ಆರಂಭಿಸಿದೆ. ದುಂಡನೆಯ ಅಕ್ಷರ, ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಒಂದು ದಿನವೂ ತಪ್ಪಿಲ್ಲ. ಹಮಾಲಿ, ಲಾರಿ ಬಾಡಿಗೆ, ಗೋಣಿಚೀಲ, ದಲ್ಲಾಳಿ. ನಡುವೆ ನನ್ನ ಪರೀಕ್ಷೆಯ ಶುಲ್ಕ, ತಾಯಿಯ ಔಷಧಿ, ಜಾತ್ರೆಯ ಕಾಣಿಕೆ. ಇಷ್ಟು ಅಚ್ಚುಕಟ್ಟಾದ ಲೆಕ್ಕವಿಟ್ಟ ಮನುಷ್ಯನು ಹೇಗೆ ಮುಳುಗಿದನೆಂಬುದೇ ನನಗೆ ಒಗಟಾಯಿತು.

ಒಂದು ದೋಷ ಬೇಗ ಕಂಡಿತು. ಅಂಗಡಿಯ ಹಣಕ್ಕೂ ಮನೆಯ ಹಣಕ್ಕೂ ನಡುವೆ ಗೋಡೆಯಿರಲಿಲ್ಲ. ರೈತರಿಗೆ ಸೇರಬೇಕಾದ ಹಣ ನಾಲ್ಕು ದಿನ ಪೆಟ್ಟಿಗೆಯಲ್ಲಿ ಇರುತ್ತಿತ್ತಾದ್ದರಿಂದ ಅದು ನಮ್ಮದೆಂಬ ಭ್ರಮೆ ಹುಟ್ಟುತ್ತಿತ್ತು. ನನ್ನ ಅಕ್ಕನ ಮದುವೆಯ ತಿಂಗಳಿನಲ್ಲಿ ಬಟವಾಡೆ ತಡವಾದುದು ಪುಸ್ತಕದಲ್ಲಿಯೇ ಸ್ಪಷ್ಟವಾಗಿದೆ. ಆದರೆ ಇದು ಅನೇಕ ಸಣ್ಣ ವರ್ತಕರಲ್ಲಿ ಇರುವ ದೋಷ. ಇದರಿಂದ ಬಡಕಲಾಗಬಹುದೇ ಹೊರತು ಸಾಯಬೇಕಾಗಿಲ್ಲ.

ನಮ್ಮನ್ನು ಮುಳುಗಿಸಿದ ಸಾಲ ಯಾವುದೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ತಂದೆಯವರ ಜೊತೆಯ ವರ್ತಕರೊಬ್ಬರು 2009ರಲ್ಲಿ ಒಂದು ಸಂಸ್ಥೆಯಿಂದ ಆರು ಲಕ್ಷ ರೂಪಾಯಿ ಸಾಲ ಪಡೆದಾಗ ಮೂವರು ಜಾಮೀನು ಹಾಕಿದ್ದರು. ಅವರಲ್ಲಿ ತಂದೆಯವರೂ ಒಬ್ಬರು. ಆ ದಿನದ ಕಿರ್ದಿಯನ್ನು ಹುಡುಕಿ ತೆಗೆದೆ. ಅಲ್ಲಿ ಬರೆದಿದ್ದುದು ಇಷ್ಟು: ಬಸ್ ಚಾರ್ಜು 24 ರೂಪಾಯಿ, ಕಾಫಿ ತಿಂಡಿ 30 ರೂಪಾಯಿ, ಬಾಳೆಹಣ್ಣು 15 ರೂಪಾಯಿ.

ನಾನು ಪುಸ್ತಕವನ್ನು ಅವರ ಮುಂದೆ ಹಿಡಿದು, “ಅಪ್ಪಾ, ಜಾಮೀನಿನ ಲೆಕ್ಕ ಎಲ್ಲಿ ಬರೆದಿದ್ದೀರಿ?” ಎಂದು ಕೇಳಿದೆ.

“ದುಡ್ಡು ಕೊಟ್ಟಿಲ್ಲ, ತಗೊಂಡಿಲ್ಲ. ಬರೆಯೋದೇನು?” ಎಂದರು.

ಅವರ ಜೀವಮಾನದ ಅತಿ ದೊಡ್ಡ ಸಾಲ ಅವರ ಪುಸ್ತಕದಲ್ಲಿ ಇರಲೇ ಇಲ್ಲ! ಅಂದು ಮನೆಗೆ ತಂದ ಬಾಳೆಹಣ್ಣು ಇತ್ತು. ಆರು ಲಕ್ಷ ಇರಲಿಲ್ಲ. ಕೈಯಿಂದ ಕೈಗೆ ದಾಟಿದ ಹಣವನ್ನು ಮಾತ್ರ ಹಣವೆಂದು ನಂಬಿದ ಮನುಷ್ಯನಿಗೆ, ಒಂದು ಸಹಿಯೂ ಖರ್ಚೇ ಎಂದು ಹೇಳುವವರು ಯಾರೂ ಇರಲಿಲ್ಲ. ಬ್ಯಾಂಕುಗಳ ಲೆಕ್ಕಪತ್ರದಲ್ಲಿ ಇಂಥ ಹೊಣೆಗೆ ಬೇರೆಯೇ ಒಂದು ಸಾಲುಂಟು. ಇನ್ನೂ ಬಂದಿಲ್ಲದ, ಆದರೆ ಬರಬಹುದಾದ ಸಾಲ ಎಂದು ಅದರ ಅರ್ಥ. ನಮ್ಮ ಕಿರ್ದಿಯಲ್ಲಿ ಆ ಸಾಲಿಗೆ ಜಾಗವಿಲ್ಲ.

ಸಾಲ ಪಡೆದವರು 2013ರಲ್ಲಿ ಕಂತು ಕಟ್ಟುವುದನ್ನು ನಿಲ್ಲಿಸಿ ಊರು ಬಿಟ್ಟರು. ಸಂಸ್ಥೆಯವರು ನೇರವಾಗಿ ನಮ್ಮ ಬಾಗಿಲಿಗೆ ಬಂದರು. ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನನ್ನಲ್ಲಿಗೆ ಬನ್ನಿ ಎಂದು ತಂದೆಯವರು ವಾದಿಸಿದರಂತೆ. ಸಾಮಾನ್ಯವಾಗಿ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಅದು ತಪ್ಪು. 1872ರ ಕರಾರು ಕಾಯಿದೆಯ 128ನೆಯ ಪ್ರಕರಣದಂತೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಸಾಲ ಕೊಟ್ಟವನು ಸಾಲಗಾರನನ್ನು ಬಿಟ್ಟು ಮೊದಲು ಜಾಮೀನುದಾರನನ್ನೇ ಹಿಡಿಯಬಹುದೆಂದು ಸರ್ವೋಚ್ಚ ನ್ಯಾಯಾಲಯವೂ ಬಹಳ ಹಿಂದೆಯೇ ಹೇಳಿದೆ. ಮೂವರಲ್ಲಿ ಕೈಯಲ್ಲಿ ಭೂಮಿಯಿದ್ದವರು, ಮಾತಿಗೆ ಅಂಜುವವರು ನಮ್ಮ ತಂದೆಯವರೊಬ್ಬರೇ. 2014ರ ಫೆಬ್ರವರಿಯಲ್ಲಿ ಎರಡು ಎಕರೆ ಮಾರಿ, ಬಡ್ಡಿಯೂ ಸೇರಿದಂತೆ 7,80,000 ರೂಪಾಯಿಗಳನ್ನು ತಾವೊಬ್ಬರೇ ಕಟ್ಟಿಬಂದರು.

ಈಗ ಕರಾರು ಕಾಯಿದೆಯ ಮುಂದಿನ ಪುಟಗಳ ಮಾತು. ಕಾಲೇಜಿನ ಗ್ರಂಥಾಲಯದಿಂದ ಆ ಪುಸ್ತಕವನ್ನು ತಂದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. 140ನೆಯ ಪ್ರಕರಣ: ಸಾಲವನ್ನು ತೀರಿಸಿದ ಜಾಮೀನುದಾರನಿಗೆ ಸಾಲ ಕೊಟ್ಟವನ ಹಕ್ಕುಗಳೆಲ್ಲ ಬರುತ್ತವೆ. 145: ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಬಹುದು. 146: ಒಂದೇ ಸಾಲಕ್ಕೆ ಹಲವರು ಜಾಮೀನಾಗಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಹೊರೆಯನ್ನು ಸಮಪಾಲಾಗಿ ಹೊರಬೇಕು. ಅಂದರೆ ಉಳಿದಿಬ್ಬರೂ ತಲಾ 2,60,000ದಂತೆ ನಮ್ಮ ತಂದೆಯವರಿಗೆ 5,20,000 ರೂಪಾಯಿ ಕೊಡಬೇಕಾಗಿತ್ತು. ಆ ಇಬ್ಬರೂ ಊರಿನಲ್ಲಿಯೇ ಇದ್ದರು. ಮದುವೆ ಮುಂಜಿಗಳಲ್ಲಿ ನಮ್ಮ ಪಂಕ್ತಿಯಲ್ಲಿಯೇ ಕುಳಿತು ಊಟ ಮಾಡುತ್ತಿದ್ದರು.

ನಾನು ಎದ್ದು ನಿಂತೆ. ಆ ಕ್ಷಣದ ಸಂತೋಷವನ್ನು ಬಣ್ಣಿಸಲಾರೆ. ಮರುದಿನ ಪರಿಚಯದ ವಕೀಲರೊಬ್ಬರಲ್ಲಿಗೆ ಓಡಿದೆ. ಅವರು ಕಾಗದಗಳನ್ನು ನೋಡಿ, ಹಣ ಕಟ್ಟಿದ ತಾರೀಖನ್ನು ಬೆರಳಿಟ್ಟು ತೋರಿಸಿ, “ಮೂರು ವರ್ಷದ ಅವಧಿ ಮೇಷ್ಟ್ರೇ. ಫೆಬ್ರವರಿಗೆ ಮುಗಿಯಿತು” ಎಂದರು. ನಾವು ಮಾತನಾಡುತ್ತಿದ್ದುದು ಮೇ ಕೊನೆಯಲ್ಲಿ.

ನಾನು ಆ ಮೂರು ತಿಂಗಳು ಪಂಪಭಾರತದ ಪಾಠ ಮಾಡುತ್ತಿದ್ದೆ.

ರಾಜಾದಿತ್ಯನ ಪಂಚರಾಶಿ

ಭೂಮಿ ಹೋದ ಮೇಲೆ ವ್ಯಾಪಾರ ನಡೆಸಲು ತಂದೆಯವರು 2014ರ ಮಾರ್ಚಿನಲ್ಲಿ ಖಾಸಗಿಯವರೊಬ್ಬರಿಂದ ಮೂರು ಲಕ್ಷ ರೂಪಾಯಿ ಕೈಸಾಲ ಪಡೆದಿದ್ದರು. ‘ನೂರಕ್ಕೆ ಮೂರು’ ಎಂದು ಬಡ್ಡಿಯ ಮಾತು. ಕೇಳಲು ಎಷ್ಟು ಸಣ್ಣ ಸಂಖ್ಯೆ! ಮೂರು ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಮನಸ್ಸಿಗೆ ತಟ್ಟುವುದು ಬೇರೆ.

ಇಲ್ಲಿ ನನ್ನ ಹಳೆಯ ವಿದ್ಯೆಯೇ ನೆರವಿಗೆ ಬಂತು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದನೆಂಬುದನ್ನು ಎಂ. ಎ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ. ಕವಿಯ ಹೆಸರು, ಕಾಲ, ಕೃತಿ, ಮುಗಿಯಿತು. ಆ ಗ್ರಂಥ ಯಾತಕ್ಕೆ ಹುಟ್ಟಿತೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೂ ಮುನ್ನೂರು ವರ್ಷ ಮೊದಲು, ನಾವು ‘ಕವಿರಾಜಮಾರ್ಗ’ಕ್ಕಾಗಿ ನೆನೆಯುವ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅದರ ಮಿಶ್ರಕವ್ಯವಹಾರವೆಂಬ ಭಾಗದಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು, ಕಾಲವೆಷ್ಟು ಎಂಬ ಸಮಸ್ಯೆಗಳ ದೊಡ್ಡ ಸಾಲೇ ಇದೆ. ಒಂದೇ ಕಾಲದ ಎರಡು ಗ್ರಂಥಗಳಲ್ಲಿ ಅಲಂಕಾರದ್ದನ್ನು ನಾವು ತರಗತಿಗೆ ತಂದೆವು, ಬಡ್ಡಿಯದನ್ನು ಕಪಾಟಿನಲ್ಲಿ ಬಿಟ್ಟೆವು. ಕನ್ನಡ ವಿಭಾಗಗಳ ಮೇಲೆ ನನಗಿರುವ ದೂರು ಇದೊಂದೇ ಅಲ್ಲ, ಆದರೆ ಇಲ್ಲಿಗೆ ಇಷ್ಟು ಸಾಕು.

ಮೂರು ತಿಳಿದ ಸಂಖ್ಯೆಗಳಿಂದ ನಾಲ್ಕನೆಯದನ್ನು ಕಾಣುವುದು ತ್ರೈರಾಶಿ. ಐದು ತಿಳಿದಿದ್ದು ಆರನೆಯದನ್ನು ಕಾಣುವುದು ಪಂಚರಾಶಿ. ಬಡ್ಡಿಯ ಲೆಕ್ಕಕ್ಕೆ ಹೇಳಿ ಮಾಡಿಸಿದ ಉಪಾಯವದು: ನೂರಕ್ಕೆ, ಒಂದು ತಿಂಗಳಿಗೆ, ಮೂರಾದರೆ, ಮೂರು ಲಕ್ಷಕ್ಕೆ, ಇಪ್ಪತ್ತನಾಲ್ಕು ತಿಂಗಳಿಗೆ ಎಷ್ಟು? ಉತ್ತರ 2,16,000. ಎರಡು ವರ್ಷಕ್ಕೆ ಅಸಲಿನ ಮುಕ್ಕಾಲು ಪಾಲಿಗೆ ಸಮೀಪ. ಆದರೆ ಸಾಲ ಕೊಟ್ಟವರ ಪತ್ರದಲ್ಲಿ ಬಾಕಿ 6,09,838 ರೂಪಾಯಿ ಎಂದಿತ್ತು, ಬಡ್ಡಿಯೇ 3,09,838. ಹೆಚ್ಚಿನ 93,838 ರೂಪಾಯಿ ಎಲ್ಲಿಂದ ಬಂತೆಂದು ಎರಡು ದಿನ ಕುಳಿತೆ. ಕಟ್ಟದ ಬಡ್ಡಿಯನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸುತ್ತ ಹೋಗಿದ್ದರು. ಚಕ್ರಬಡ್ಡಿ. ಕಾಗದದ ಮೇಲೆ ಇಪ್ಪತ್ತನಾಲ್ಕು ಸಾಲುಗಳನ್ನು ನಾನೇ ಬರೆದು ಕೂಡಿದಾಗ, ಕೊನೆಯ ಸಾಲಿನಲ್ಲಿ ಅದೇ ಸಂಖ್ಯೆ ಬಂತು. ತಿಂಗಳಿಗೆ ನೂರಕ್ಕೆ ಮೂರರಂತೆ ಚಕ್ರಬಡ್ಡಿ ಬೆಳೆದರೆ ಎರಡು ವರ್ಷ ತುಂಬುವ ಮೊದಲೇ ಅಸಲು ಇಮ್ಮಡಿಯಾಗುತ್ತದೆ. ಇದನ್ನು ತಂದೆಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಆ ಹಾಳೆಯನ್ನು ನೋಡಿ, “ಇದನ್ನು ಯಾರೂ ಹೀಗೆ ಬರೆದು ತೋರಿಸಲಿಲ್ಲ” ಎಂದರು.

2016ರಲ್ಲಿ ಈರುಳ್ಳಿಯ ಬೆಲೆ ದೇಶದಾದ್ಯಂತ ಕುಸಿಯಿತು. ತಂದೆಯವರು ಕಳುಹಿಸಿದ ಲಾರಿಗಳಲ್ಲಿ ಕೆಲವಕ್ಕೆ ಬಾಡಿಗೆಯೂ ಹುಟ್ಟಲಿಲ್ಲ. ಕೈಸಾಲದವರು ದಾವೆ ಹೂಡಿದರು, ನಾಚಿಕೆಯಿಂದ ತಂದೆಯವರು ನ್ಯಾಯಾಲಯಕ್ಕೆ ಹೋಗಲಿಲ್ಲ, ಡಿಕ್ರಿಯಾಯಿತು. ಮುಂದಿನದನ್ನು ಆಗಲೇ ಹೇಳಿದ್ದೇನೆ. 5,20,000 ರೂಪಾಯಿ ಸಕಾಲದಲ್ಲಿ ಬಂದಿದ್ದರೆ ಆ ಕೈಸಾಲದ ಅಗತ್ಯವೇ ಬೀಳುತ್ತಿರಲಿಲ್ಲವೆಂಬುದನ್ನು ಮಾತ್ರ ನಾನು ತಂದೆಯವರಿಗೆ ಕೊನೆಯವರೆಗೂ ಹೇಳಲಿಲ್ಲ.

ಅವರಿಗೆ ಇನ್ನೊಂದು ದಾರಿಯೂ ಇತ್ತು. 1920ರ ಪ್ರಾಂತೀಯ ದಿವಾಳಿ ಕಾಯಿದೆ ಎಂಬುದೊಂದುಂಟು. ಐನೂರು ರೂಪಾಯಿ ಸಾಲವಿದ್ದು ತೀರಿಸಲಾರದವನು ತಾನಾಗಿಯೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಇರುವ ಆಸ್ತಿಯನ್ನು ರಿಸೀವರ್ ವಶಕ್ಕೆ ತೆಗೆದುಕೊಂಡು ಸಾಲಿಗರಿಗೆಲ್ಲ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ನಡತೆ ನೇರವಾಗಿದ್ದರೆ ನ್ಯಾಯಾಲಯ ವಿಮೋಚನೆಯನ್ನು ಕೊಡುತ್ತದೆ; ಸರ್ಕಾರದ ಬಾಕಿ, ವಂಚನೆಯ ಸಾಲ ಮೊದಲಾದವನ್ನುಳಿದು ಮಿಕ್ಕ ಋಣ ಕಳೆಯುತ್ತದೆ. ಕಂಪೆನಿಗಳಿಗೆ 2016ರ ಹೊಸ ಸಂಹಿತೆ ಬಂದಿದೆ. ಸಾಮಾನ್ಯ ಗೃಹಸ್ಥನ ಪಾಲಿಗೆ ಆ ಮುದಿ ಕಾಯಿದೆಯೇ ಇನ್ನೂ ಉಳಿದಿದೆ. ವಕೀಲರು ಇದನ್ನು ಸೂಚಿಸಿದಾಗ ತಂದೆಯವರು, “ಪಾಪರ್ ಎಂದು ನಾನೇ ಬರೆದುಕೊಡಲೋ?” ಎಂದು ಎದ್ದು ಬಂದರು. ಅಂಗಡಿಯ ನಿವೇಶನವನ್ನು 2018ರಲ್ಲಿ ಮಾರಿ ಡಿಕ್ರಿಯನ್ನು ತೀರಿಸಿದರು.

ಆ ದಿನಗಳಲ್ಲಿ ನನಗೆ ಜೊತೆಯಾದ ಇನ್ನೊಬ್ಬ ಲೇಖಕನೆಂದರೆ ‘ರಾಬಿನ್‌ಸನ್ ಕ್ರೂಸೋ’ ಬರೆದ ಡೇನಿಯಲ್ ಡೀಫೋ. ಆತನು ಮೊದಲು ವರ್ತಕನಾಗಿದ್ದು 1692ರಲ್ಲಿ ಹದಿನೇಳು ಸಾವಿರ ಪೌಂಡುಗಳ ಸಾಲದೊಡನೆ ದಿವಾಳಿಯಾದವನೆಂಬುದು ನನಗೆ ತಿಳಿದಿರಲಿಲ್ಲ. ಮೂರು ದಶಕಗಳ ಮೇಲೆ ಅವನು ವರ್ತಕರಿಗಾಗಿಯೇ ಒಂದು ದೊಡ್ಡ ಗ್ರಂಥವನ್ನು ಬರೆದ. ಲೆಕ್ಕವನ್ನು ಹೇಗಿಡಬೇಕು, ಮುಳುಗುವುದು ಖಚಿತವೆಂದು ಕಂಡಾಗ ತಡಮಾಡದೆ ಬೇಗ ಒಪ್ಪಿಕೊಳ್ಳುವುದು ಏಕೆ ಲೇಸು, ಇಂಥ ಮಾತುಗಳು ಅದರಲ್ಲಿವೆ. ನಿರ್ಜನ ದ್ವೀಪದಲ್ಲಿ ಕ್ರೂಸೋ ತನ್ನ ಸುಖದುಃಖಗಳನ್ನು ಜಮಾಖರ್ಚಿನಂತೆ ಎರಡು ಪಂಕ್ತಿಗಳಲ್ಲಿ ಬರೆಯುವ ಭಾಗವನ್ನು ಬಾಲ್ಯದಲ್ಲಿ ಓದಿ ನಕ್ಕಿದ್ದೆ. ಈಗ ಓದಿದಾಗ, ಕಂಬಕ್ಕೊರಗಿ ನಿಂತ ತಂದೆಯವರ ನೆನಪಾಯಿತು.

ವಿಜ್ಞಾನೇಶ್ವರನೂ 2005ರ ಕಾಯಿದೆಯೂ

ತಂದೆಯವರು 2019ರ ನವೆಂಬರಿನಲ್ಲಿ ತೀರಿಕೊಂಡರು. ತಿಥಿಯ ದಿನ ಊಟ ಮುಗಿಸಿ ಎದ್ದ ಹಿರಿಯರೊಬ್ಬರು ಎಲ್ಲರೆದುರಿಗೆ, “ಅಪ್ಪನ ಋಣ ಮಗನದೇ ಅಲ್ಲವೇನಪ್ಪ?” ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನನ್ನು ಮತ್ತೆ ಪುಸ್ತಕಗಳತ್ತ ಅಟ್ಟಿತು.

ಈ ಪ್ರಶ್ನೆಗೆ ಉತ್ತರ ಕೊಟ್ಟ ಮಹಾ ಪಂಡಿತನು ನಮ್ಮ ನೆಲದವನೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಭಾರತದ ಬಹುಭಾಗದ ನ್ಯಾಯಾಲಯಗಳು ಶತಮಾನಗಳ ಬಳಿಕವೂ ಪ್ರಮಾಣವೆಂದು ಹಿಡಿದವು. ಅದರಲ್ಲಿ ಋಣಾದಾನವೆಂಬ ಪ್ರಕರಣವೇ ಉಂಟು. ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ ಹದಿನೈದು. 1961ರ ಲೇವಾದೇವಿದಾರರ ಕಾಯಿದೆಯ ಅಡಿಯಲ್ಲಿ ಕರ್ನಾಟಕ ಸರ್ಕಾರ ಗೊತ್ತುಮಾಡಿದ ಮಿತಿ ಭದ್ರತೆಯುಳ್ಳ ಸಾಲಕ್ಕೆ ಹದಿನಾಲ್ಕು, ಭದ್ರತೆಯಿಲ್ಲದ್ದಕ್ಕೆ ಹದಿನಾರು. ಇಷ್ಟು ಕಾಲ ಕಳೆದರೂ ಅಂತರ ಎಷ್ಟು ಕಡಿಮೆ! ಅಡವಿಲ್ಲದ ಸಾಲಕ್ಕೆ ವರ್ಣ ಇಳಿದಂತೆ ಬಡ್ಡಿ ಏರುತ್ತ ಹೋಗುವ ವಿಧಿಯೂ ಸ್ಮೃತಿಯಲ್ಲಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೆಳಗಿನವನೇ ಹೆಚ್ಚು ತೆರಬೇಕೆಂಬುದು ಇಂದಿನ ಸಂಶೋಧನೆಯಲ್ಲ.

ತಂದೆಯ ಸಾಲವನ್ನು ಮಗ ತೀರಿಸಬೇಕೆಂಬುದು ಸ್ಮೃತಿಯ ಮತ. ಕುಡಿತ, ಜೂಜು, ಕಾಮ ಇವುಗಳಿಗಾಗಿ ಮಾಡಿದ ಸಾಲಕ್ಕೆ ವಿನಾಯಿತಿಯುಂಟು. ಜಾಮೀನಿನಲ್ಲಿಯೂ ಮೂರು ಬಗೆ: ಸಾಲಗಾರನನ್ನು ಹಾಜರುಪಡಿಸುತ್ತೇನೆಂಬುದು, ಅವನು ನಂಬಿಕೆಗೆ ಅರ್ಹನೆಂಬುದು, ಅವನು ಕೊಡದಿದ್ದರೆ ನಾನು ಕೊಡುತ್ತೇನೆಂಬುದು. ಮೊದಲೆರಡಕ್ಕೆ ಮಗ ಹೊಣೆಯಲ್ಲ; ಮೂರನೆಯದಕ್ಕೆ ಹೊಣೆ. ನಮ್ಮ ತಂದೆಯವರದು ಮೂರನೆಯ ಬಗೆಯದು. ವಿಜ್ಞಾನೇಶ್ವರನ ಕಟ್ಟೆಯಲ್ಲಿ ನನಗೆ ಬಿಡುಗಡೆಯಿರಲಿಲ್ಲ.

ಬಿಡುಗಡೆ ಬಂದುದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕಾಯಿದೆಯೆಂದು ಅದು ಊರೂರಿನಲ್ಲಿಯೂ ಪ್ರಸಿದ್ಧ. ಅದೇ ಆರನೆಯ ಪ್ರಕರಣದ ನಾಲ್ಕನೆಯ ಉಪಪ್ರಕರಣವನ್ನು ಓದಿದವರು ಕಡಿಮೆ. ಆ ಕಾಯಿದೆ ಜಾರಿಗೆ ಬಂದ ಬಳಿಕ ತಂದೆ ಮಾಡಿದ ಸಾಲಕ್ಕೆ, ಮಗನ ಧರ್ಮವೆಂಬ ಒಂದೇ ಕಾರಣದಿಂದ, ಮಗನ ಮೇಲಾಗಲಿ ಮೊಮ್ಮಗನ ಮೇಲಾಗಲಿ ಕ್ರಮ ಕೈಗೊಳ್ಳುವ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯಮಾಡದು. ಜಾರಿಯ ದಿನ 2005ರ ಸೆಪ್ಟೆಂಬರ್ 9. ನಮ್ಮ ಸಾಲಗಳೆಲ್ಲ ಆಮೇಲಿನವು. ತಂದೆಯವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಸಾಲಿಗರು ಕೇಳಬಹುದು. ನನ್ನ ಸಂಬಳವನ್ನು ಕೇಳುವಂತಿಲ್ಲ. ಇದು ನ್ಯಾಯವಾದ ಕಾಯಿದೆಯೆಂದೇ ನನ್ನ ಅಭಿಪ್ರಾಯ. ಧರ್ಮದ ಹೆಸರು ಹೇಳಿ ಹುಡುಗರ ಕೊರಳಿಗೆ ಉರುಳು ಹಾಕುವವರು ಇಂದಿಗೂ ಇದ್ದಾರೆ.

ಆದರೆ ಕಿರ್ದಿಯ ಕೊನೆಯ ಪುಸ್ತಕದಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. 2016ರಲ್ಲಿ ಈರುಳ್ಳಿ ಹಾಕಿ ಪೂರ್ತಿ ಹಣ ಪಡೆಯದ ರೈತರು. ಒಟ್ಟು 1,86,400 ರೂಪಾಯಿ. ಪತ್ರವಿಲ್ಲ, ಸಾಕ್ಷಿಯಿಲ್ಲ, ಅವಧಿಯೂ ಮೀರಿತ್ತು. ಅವರಲ್ಲಿ ಯಾರೂ ದಾವೆ ಹೂಡಿರಲಿಲ್ಲ. ಜಪ್ತಿಯ ದಿನ ನಮ್ಮ ಮನೆಗೆ ರಾಗಿಯ ಹಿಟ್ಟು ತಂದುಕೊಟ್ಟವರೂ ಅವರಲ್ಲಿದ್ದರು. ತಾಯಿ ಆ ಪುಟವನ್ನು ತೆರೆದು ನನ್ನ ಮುಂದಿಟ್ಟು, “ಇದನ್ನೇನು ಮಾಡ್ತೀಯ ಮಗಾ?” ಎಂದು ಕೇಳಿದರು. ನಾನು ತೀರಿಸಲು ಆರಂಭಿಸಿದೆ. ಇದನ್ನು ಯಾರೂ ಪಿತೃಭಕ್ತಿಯೆಂದು ತಿಳಿಯಬಾರದು. ಬಸ್ಸಿಗೆ ಕಾಯುವಾಗಲೆಲ್ಲ ನಾನು ಅವರ ಪಕ್ಕದಲ್ಲಿ ನಿಲ್ಲಬೇಕಾಗಿತ್ತು.

ಭಾನುವಾರದ ಓದು

ಹೀಗೆ ಓದಿದ ಸುದ್ದಿ ಹೇಗೋ ಹಬ್ಬಿ, ಭಾನುವಾರಗಳಲ್ಲಿ ಒಬ್ಬಿಬ್ಬರು ಕಾಗದ ಹಿಡಿದು ಬರತೊಡಗಿದರು. ನಾನು ವಕೀಲನಲ್ಲ, ಓದಿ ಅರ್ಥ ಹೇಳುವುದಷ್ಟೇ ನನ್ನ ಕೆಲಸ. ವಾರದ ಕಂತಿನ ಕಿರುಸಾಲ ಪಡೆದ ಹೆಂಗಸರು ತಮ್ಮ ಚೀಟಿಗಳನ್ನು ತರುತ್ತಾರೆ. ಒಂದೇ ಮನೆಗೆ ನಾಲ್ಕು ಸಂಸ್ಥೆಗಳ ಸಾಲ. ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ನಿಯಮ ಮಾಡಿದೆಯೆಂದರೆ ಅವರು ನಗುತ್ತಾರೆ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿದುದನ್ನು ಮಾತ್ರ ಎಲ್ಲರೂ ಕೇಳಿದ್ದರು.

ಕಳೆದ ಸಲ ಒಬ್ಬ ಹುಡುಗ ಮೋಟಾರು ಸೈಕಲ್ಲಿನ ಸಾಲದ ಕಾಗದ ತಂದ. ಒಂದು ಲಕ್ಷ, ಮೂರು ವರ್ಷ, ಬಡ್ಡಿ ‘ಫ್ಲಾಟ್’ ಹನ್ನೆರಡು. ಬಡ್ಡಿ 36,000, ಒಟ್ಟು 1,36,000, ತಿಂಗಳಿಗೆ 3,778. “ಹನ್ನೆರಡೇ ಅಲ್ಲವೇ ಸಾರ್?” ಎಂದ. ಪ್ರತಿ ತಿಂಗಳೂ ಅಸಲು ತೀರುತ್ತ ಬರುತ್ತದೆ. ಆದರೆ ಬಡ್ಡಿಯನ್ನು ಕೊನೆಯ ತಿಂಗಳಿನವರೆಗೂ ಪೂರ್ತಿ ಒಂದು ಲಕ್ಷದ ಮೇಲೆಯೇ ಹಾಕಿದ್ದಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಮಾಡಿದರೆ ದರ ಸುಮಾರು ಇಪ್ಪತ್ತೊಂದು. 2024ರ ಅಕ್ಟೋಬರ್ 1ರಿಂದೀಚೆಗೆ ಬ್ಯಾಂಕು ಮತ್ತು ಹಣಕಾಸು ಕಂಪೆನಿಗಳು ಚಿಲ್ಲರೆ ಸಾಲ ಕೊಡುವ ಮೊದಲು, ಶುಲ್ಕಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು; ಅದೂ ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿ. ಹುಡುಗನ ಕಡತದಲ್ಲಿ ಆ ಪತ್ರ ಇತ್ತು. ಇಂಗ್ಲಿಷಿನಲ್ಲಿತ್ತು. ಕೆಳಗೆ, ಎಲ್ಲವನ್ನೂ ಓದಿ ಅರ್ಥಮಾಡಿಕೊಂಡಿದ್ದೇನೆಂಬ ಸಾಲಿನ ಮುಂದೆ, ಅವನ ಸಹಿ ಕನ್ನಡದಲ್ಲಿತ್ತು.

“ಕನ್ನಡದ್ದನ್ನು ಕೊಡಿ ಎಂದು ಕೇಳಬಹುದಾಗಿತ್ತೇ?” ಎಂದು ಅವನು ಕೇಳಿದ. ಕೇಳಬಹುದೆಂದು ಹೇಳಿ, ಬೇರೆ ಯಾರಿಗಾದರೂ ಜಾಮೀನು ಹಾಕಿದ್ದೀಯಾ ಎಂದು ನಾನು ಕೇಳಿದೆ. ಸೋದರಮಾವನಿಗೆ ಹಾಕಿದ್ದನಂತೆ. ಮೊತ್ತ ನೆನಪಿಲ್ಲವಂತೆ. ಮುಂದಿನ ಭಾನುವಾರ ಅದನ್ನೂ ತರುವೆನೆಂದು ಹೋಗಿದ್ದಾನೆ.

ನಮ್ಮ ಮನೆಯಲ್ಲಿ ಈಗ ಎರಡು ಪುಸ್ತಕಗಳಿವೆ. ಒಂದರಲ್ಲಿ ನನ್ನ ಜಮಾಖರ್ಚು. ಅದರ ಕೊನೆಯ ಪುಟಕ್ಕೆ ‘ಸಹಿಗಳು’ ಎಂದು ತಲೆಬರಹ ಕೊಟ್ಟಿದ್ದೇನೆ. ಇನ್ನೊಂದು ತಂದೆಯವರ ಕೊನೆಯ ಕಿರ್ದಿ. ಒಬ್ಬೊಬ್ಬ ರೈತರ ಬಾಕಿ ತೀರಿದಾಗಲೂ ತಾಯಿಯೇ ಪುಸ್ತಕ ತೆಗೆದು, ತಂದೆಯವರ ಪದ್ಧತಿಯಂತೆ ಆ ಹೆಸರಿನ ಮುಂದೆ ‘ಚುಕ್ತಾ’ ಎಂದು ಬರೆಯುತ್ತಾರೆ. 2024ರ ದೀಪಾವಳಿಯ ಹೊತ್ತಿಗೆ ಇಪ್ಪತ್ತೆರಡು ಹೆಸರುಗಳು ಮುಗಿದವು. ಉಳಿದಿರುವುದು ಒಂದು: ಒಂಬತ್ತು ಚೀಲ, ಬಾಕಿ 2,150 ರೂಪಾಯಿ. ಆ ಹೆಸರಿನ ಮೇಲೆ ಎಂದೋ ನೀರು ಬಿದ್ದು ಮೊದಲಕ್ಷರ ಮಾತ್ರ ಉಳಿದಿದೆ. ಪಕ್ಕದಲ್ಲಿ ಬುಕ್ಕಾಂಬುಧಿ ಕಡೆಯವರು ಎಂದಿದೆ. ಎರಡು ಬಾರಿ ಹೋಗಿ ವಿಚಾರಿಸಿ ಬಂದೆ, ತಿಳಿಯಲಿಲ್ಲ. ಹಣವನ್ನು ಲಕೋಟೆಯಲ್ಲಿ ಹಾಕಿ ಆ ಪುಟದ ನಡುವೆಯೇ ಇಟ್ಟಿದ್ದೇವೆ.